ಭೂಮಾಹಿತಿ ಹಂಚಿಕೆಯ ಮುಕ್ತ ತಂತ್ರಾಂಶ: ಉಡುಪಿ ಜಿಲ್ಲೆಯ ನೆಲೆಯಲ್ಲಿ

ನೆಲದ ಮೇಲೆ ಯಾವುದು ಎಲ್ಲಿದೆ ಎಂದು ಹೇಳುವ ಮಾಹಿತಿಯೆಲ್ಲ ಭೂಮಾಹಿತಿ. ಗ್ರಾಮದ ಗಡಿ, ಸರ್ವೆ ನಂಬರು, ತೋಡು, ಮದಕ, ಕಾಲುದಾರಿ, ಅಂಗನವಾಡಿ, ಮಳೆಮಾಪಕ, ಕಡಲತೀರದ ರೇಖೆ ಎಲ್ಲವೂ ಇದರೊಳಗೆ ಬರುತ್ತವೆ. ಇಂಥ ಮಾಹಿತಿಯನ್ನು ಒಂದೆಡೆ ಶೇಖರಿಸಿ, ನಕ್ಷೆಯಾಗಿ ತೋರಿಸಿ, ಬೇಕಾದವರು ಇಳಿಸಿಕೊಳ್ಳಲು ಮತ್ತು ಹೊಣೆ ಹೊತ್ತವರು ತಿದ್ದಲು ಅನುವು ಮಾಡಿಕೊಡುವ ತಂತ್ರಾಂಶಗಳು ಹಲವು. ಅವುಗಳಲ್ಲಿ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟವುಗಳನ್ನು, ಅದರಲ್ಲೂ ಅವುಗಳ ನಿರ್ವಹಣೆ ಮತ್ತು ಪರಿಷ್ಕರಣೆಯನ್ನು, ಈ ಲೇಖನ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಉದಾಹರಣೆಗಳೊಂದಿಗೆ ವಿವರಿಸುತ್ತದೆ.

ಕರಾವಳಿಯವರಿಗೆ ನಿರ್ವಹಣೆಯ ಅರ್ಥವನ್ನು ಕಿಂಡಿ ಅಣೆಕಟ್ಟು ಚೆನ್ನಾಗಿ ಕಲಿಸಿದೆ. ಕಾಂಕ್ರೀಟಿನ ಕಂಬಗಳನ್ನು ಒಮ್ಮೆ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು, ಮುಂದಿನ ಮಳೆಗೆ ಮೊದಲು ಅವನ್ನು ತೆಗೆದು ಕೊಟ್ಟಿಗೆಯಲ್ಲಿ ಜೋಪಾನ ಮಾಡಬೇಕು, ಗೆದ್ದಲು ತಿಂದ ಹಲಗೆಯನ್ನು ಬದಲಿಸಬೇಕು. ಹಲಗೆ ಹಾಕುವವರು ಇಲ್ಲದ ವರ್ಷ ಕಟ್ಟ ಇದ್ದೂ ನೀರು ನಿಲ್ಲುವುದಿಲ್ಲ. ಭೂಮಾಹಿತಿಯ ಸರ್ವರ್ ಕೂಡ ಹೀಗೆಯೇ. ಅದನ್ನು ಸ್ಥಾಪಿಸುವುದು ಒಂದು ವಾರದ ಕೆಲಸ, ಉಳಿಸಿಕೊಳ್ಳುವುದು ವರ್ಷ ವರ್ಷದ ಕೆಲಸ. ಅನುದಾನ, ಉದ್ಘಾಟನೆ, ಪತ್ರಿಕಾ ವರದಿ ಮೊದಲನೆಯದಕ್ಕೇ ಸಲ್ಲುತ್ತವೆ. ಈ ಕ್ಷೇತ್ರದ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿದೆ.

ಭಾಗಗಳು

ಭೂಮಾಹಿತಿ ಹಂಚುವ ತಾಣವೊಂದು ಹಲವು ತಂತ್ರಾಂಶಗಳ ಕೂಡುಕುಟುಂಬ. ತಳದಲ್ಲಿ ದತ್ತಾಂಶದ ಉಗ್ರಾಣವಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಬಿಂದು, ರೇಖೆ, ಬಹುಭುಜಗಳ ಅರಿವು ಕೊಡುವ ಪೋಸ್ಟ್‌ಜಿಐಎಸ್ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಕೆನಡಾದ ವಿಕ್ಟೋರಿಯಾ ನಗರದ ರಿಫ್ರಾಕ್ಷನ್ಸ್ ರಿಸರ್ಚ್ ಸಂಸ್ಥೆ ಇದನ್ನು 2001ರಲ್ಲಿ ಹೊರತಂದಿತು. ಅದರ ಮೇಲೆ ನಕ್ಷೆಯನ್ನು ಜಾಲಕ್ಕೆ ಬಡಿಸುವ ಜಿಯೋಸರ್ವರ್ ಅಥವಾ ಮ್ಯಾಪ್‌ಸರ್ವರ್ ಕೂರುತ್ತದೆ. ಮ್ಯಾಪ್‌ಸರ್ವರ್ 1990ರ ದಶಕದಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಜಿಯೋಸರ್ವರ್ 2001ರಲ್ಲಿ ನ್ಯೂಯಾರ್ಕಿನ ಓಪನ್ ಪ್ಲಾನಿಂಗ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆಯಲ್ಲಿ ಆರಂಭವಾಯಿತು. ನಗರ ಯೋಜನೆಯಲ್ಲಿ ಸಾಮಾನ್ಯ ಜನರೂ ಪಾಲ್ಗೊಳ್ಳಬೇಕು, ಆಡಳಿತ ಪಾರದರ್ಶಕವಾಗಬೇಕು ಎಂಬ ಉದ್ದೇಶ ಅದರ ಹಿಂದಿತ್ತು ಎಂಬುದು ನೆನಪಿಡತಕ್ಕ ಸಂಗತಿ.

ಯಾವ ಪದರ ಯಾರದು, ಎಂದಿನದು, ಯಾರು ನೋಡಬಹುದು ಎಂದು ಪಟ್ಟಿ ಇಡುವ ಕೆಲಸ ಜಿಯೋನೋಡ್ ಅಥವಾ ಜಿಯೋನೆಟ್‌ವರ್ಕ್‌ನದು. ಜಿಯೋನೋಡ್ ವಿಶ್ವಬ್ಯಾಂಕಿನ ವಿಪತ್ತು ನಿರ್ವಹಣಾ ಕಾರ್ಯಕ್ರಮದ ಬೆಂಬಲದಿಂದ 2009ರಲ್ಲಿ ಆರಂಭವಾಯಿತು. ಇದನ್ನು ಪೈಥಾನ್ ಭಾಷೆಯ ಜ್ಯಾಂಗೋ ಚೌಕಟ್ಟಿನ ಮೇಲೆ ಕಟ್ಟಲಾಗಿದೆ, ಒಳಗೆ ಜಿಯೋಸರ್ವರ್ ಮತ್ತು ಪೋಸ್ಟ್‌ಜಿಐಎಸ್ ದುಡಿಯುತ್ತವೆ. ಬಳಕೆದಾರರ ಕಣ್ಣಿಗೆ ಬೀಳುವ ನಕ್ಷೆಯನ್ನು ಬ್ರೌಸರಿನಲ್ಲಿ ಬಿಡಿಸುವವು ಓಪನ್‌ಲೇಯರ್ಸ್, ಲೀಫ್‌ಲೆಟ್, ಮ್ಯಾಪ್‌ಲಿಬರ್ ಮುಂತಾದವು. ಕಚೇರಿಯ ಮೇಜಿನ ಮೇಲೆ ನಕ್ಷೆ ತಿದ್ದುವವರಿಗೆ 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಇದೆ. ಒಂದು ಬಗೆಯ ಕಡತವನ್ನು ಇನ್ನೊಂದಕ್ಕೆ ಬದಲಿಸುವ ಜಿಡಾಲ್ ಎಂಬ ಗ್ರಂಥಾಲಯ 1998ರಿಂದ ಇವೆಲ್ಲದರ ಬೆನ್ನಿಗೆ ನಿಂತಿದೆ. ಅದರ ಹೆಸರು ಕೇಳದವರೂ ಅದನ್ನು ದಿನವೂ ಬಳಸುತ್ತಿರುತ್ತಾರೆ.

ಬೇರೆ ಬೇರೆಯವರು ಬರೆದ ಈ ತಂತ್ರಾಂಶಗಳು ಪರಸ್ಪರ ಮಾತಾಡಿಕೊಳ್ಳುವುದು ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಮ್ ಎಂಬ ಒಕ್ಕೂಟ ರೂಪಿಸಿದ ಮಾನದಂಡಗಳಿಂದ. ನಕ್ಷೆಯ ಚಿತ್ರವನ್ನು ಕೇಳಿ ಪಡೆಯುವ ಡಬ್ಲ್ಯುಎಂಎಸ್ 2000ದಲ್ಲಿ, ದತ್ತಾಂಶವನ್ನೇ ಕೇಳಿ ಪಡೆಯುವ ಡಬ್ಲ್ಯುಎಫ್‌ಎಸ್ 2002ರಲ್ಲಿ ಬಂದವು. 2019ರಿಂದ ಇವುಗಳ ಜಾಗಕ್ಕೆ ಸರಳವಾದ ಹೊಸ ಎಪಿಐ ಮಾನದಂಡಗಳು ಒಂದೊಂದಾಗಿ ಬರುತ್ತಿವೆ. ಹಳೆಯದನ್ನು ನಂಬಿ ಬರೆದ ಮೊಬೈಲ್ ಆ್ಯಪ್‌ಗಳು ಕೆಡದಂತೆ ಎರಡನ್ನೂ ಕೆಲವು ವರ್ಷ ಜೊತೆಯಾಗಿ ನಡೆಸಬೇಕಾಗುತ್ತದೆ.

ಕರ್ನಾಟಕದ ಹಿನ್ನೆಲೆ

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1982ರಲ್ಲಿ ನೈಸರ್ಗಿಕ ಸಂಪನ್ಮೂಲ ದತ್ತಾಂಶ ನಿರ್ವಹಣಾ ವ್ಯವಸ್ಥೆಯನ್ನು, ಅಂದರೆ ಎನ್‌ಆರ್‌ಡಿಎಂಎಸ್ ಯೋಜನೆಯನ್ನು ಆರಂಭಿಸಿತು. ಜಿಲ್ಲಾ ಮಟ್ಟದಲ್ಲೇ ಕಂಪ್ಯೂಟರ್ ನಕ್ಷೆ ಸಿದ್ಧವಾಗಬೇಕು ಎಂಬ ಈ ಯೋಚನೆಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಜಿಲ್ಲಾ ಪಂಚಾಯತ್‌ಗಳ ಕೇಂದ್ರಗಳ ಮೂಲಕ ರಾಜ್ಯದಲ್ಲಿ ಹರಡಿತು. ಇದೇ ಯೋಜನೆಯ ನೆರವಿನಿಂದ ಬಾಂಬೆ ಐಐಟಿ ಗ್ರಾಮ್++ ಎಂಬ ದೇಶೀ ಜಿಐಎಸ್ ತಂತ್ರಾಂಶವನ್ನು ತಯಾರಿಸಿತು. ಅಮೆರಿಕದ ಸೇನೆಯ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ 1982ರಲ್ಲಿ ಆರಂಭವಾಗಿ ಮುಂದೆ ಮುಕ್ತವಾದ ಗ್ರಾಸ್ ತಂತ್ರಾಂಶ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಪಶ್ಚಿಮ ಘಟ್ಟದ ಅಧ್ಯಯನಗಳಿಗೆ ಬಳಕೆಯಾಯಿತು.

ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ 2000ದ ಸುಮಾರಿನದು. ಇಸ್ರೋದ ಭುವನ್ ತಾಣ 2009ರ ಆಗಸ್ಟ್‌ನಲ್ಲಿ ತೆರೆಯಿತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ತಾಣ ಹಾಗೂ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆ್ಯಪ್ ಇಂದು ಹಳ್ಳಿಯ ರೈತರಿಗೂ ಪರಿಚಿತ. ಸರ್ಕಾರದ ಹೊರಗೆ 2011ರ ಸುಮಾರಿಗೆ ಬೆಂಗಳೂರಿನಲ್ಲಿ ಮೊಳೆತ ಡೇಟಾಮೀಟ್ ಬಳಗ ಗಡಿನಕ್ಷೆಗಳನ್ನು ಕಲೆಹಾಕಿ, ತಿದ್ದಿ, ಮುಕ್ತ ಪರವಾನಗಿಯಲ್ಲಿ ಹಂಚಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗದ ಏಷ್ಯಾ ಸಮ್ಮೇಳನ 2018ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಕರಾವಳಿಯ ಮಟ್ಟಿಗೆ ತಾಂತ್ರಿಕ ಬಲಕ್ಕೆ ಕೊರತೆಯಿಲ್ಲ. ಮಣಿಪಾಲ ತಾಂತ್ರಿಕ ವಿದ್ಯಾಲಯ 1957ರದು, ಕಾರ್ಕಳ ತಾಲ್ಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು 1986ರದು. ಜಿಲ್ಲೆಯ ದಕ್ಷಿಣ ಗಡಿಯಾಚೆ ಸುರತ್ಕಲ್‌ನಲ್ಲಿ 1960ರಲ್ಲಿ ಆರಂಭವಾದ, ಈಗ ಎನ್‌ಐಟಿಕೆ ಎಂದು ಕರೆಯುವ ಸಂಸ್ಥೆಯಿದೆ.

ಗಡಿ ಬದಲಾದಾಗ

ತಂತ್ರಾಂಶವನ್ನು ಪರಿಷ್ಕರಿಸುವುದೆಂದರೆ ಕೋಡನ್ನು ಮಾತ್ರ ಹೊಸದು ಮಾಡುವುದು ಎಂದು ಹಲವರು ತಿಳಿದಿದ್ದಾರೆ. ಆದರೆ ನೆಲದ ಮೇಲಿನ ವ್ಯವಸ್ಥೆ ಬದಲಾದಾಗ ದತ್ತಾಂಶದ ಚೌಕಟ್ಟೂ ಬದಲಾಗಬೇಕು. ಉಡುಪಿ ಜಿಲ್ಲೆ ಇದಕ್ಕೆ ಒಳ್ಳೆಯ ಉದಾಹರಣೆ.

1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರೆಯಾದಾಗ ಜಿಲ್ಲೆಯಲ್ಲಿದ್ದವು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲ್ಲೂಕುಗಳು. 2011ರ ಜನಗಣತಿ ಜಿಲ್ಲೆಯ 11,77,361 ಜನರನ್ನು ಈ ಮೂರರಲ್ಲೇ ಎಣಿಸಿತು. 2018ರಲ್ಲಿ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಹೊಸ ತಾಲ್ಲೂಕುಗಳಾದವು. ಹಾಗಾಗಿ "ಕಾಪು ತಾಲ್ಲೂಕಿನ 2011ರ ಜನಸಂಖ್ಯೆ ಎಷ್ಟು" ಎಂದು ತಾಣವನ್ನು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಅಂದಿನ ಉಡುಪಿ ತಾಲ್ಲೂಕಿನ ಯಾವ ಯಾವ ಗ್ರಾಮಗಳು ಇಂದಿನ ಕಾಪುವಿಗೆ ಸೇರಿದವು ಎಂದು ತಿಳಿದು, ಗ್ರಾಮ ಗ್ರಾಮದ ಅಂಕಿಗಳನ್ನು ಕೂಡಿ ತೆಗೆಯಬೇಕು. ಹಿಂದೆ ಮಾಡಿದವರು ತಾಲ್ಲೂಕಿನ ಹೆಸರನ್ನೇ ಕೀಲಿಯಾಗಿ ಇಟ್ಟುಕೊಂಡಿದ್ದರೆ ಎಲ್ಲ ಕೋಷ್ಟಕಗಳೂ ಒಡೆಯುತ್ತವೆ. ಗ್ರಾಮದ ಜನಗಣತಿ ಸಂಕೇತವನ್ನೋ ಪಂಚಾಯತ್‌ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶದ ಸಂಕೇತವನ್ನೋ ಕೀಲಿಯಾಗಿ ಇಟ್ಟಿದ್ದರೆ ಒಂದು ಕೋಷ್ಟಕ ತಿದ್ದಿದರೆ ಸಾಕು. ಗಡಿಯ ಪ್ರತಿ ದಾಖಲೆಗೂ ಎಂದಿನಿಂದ ಎಂದಿನವರೆಗೆ ಸಿಂಧು ಎಂಬ ಎರಡು ದಿನಾಂಕ ಇಡುವುದು ಇನ್ನೂ ಒಳ್ಳೆಯ ಪದ್ಧತಿ. ಹಳೆಯ ಗಡಿಯನ್ನು ಅಳಿಸಿದವರು ಇತಿಹಾಸವನ್ನೂ ಅಳಿಸಿದಂತೆ.

ಮಣಿಪಾಲದ್ದು ಬೇರೆ ಬಗೆಯ ತೊಡಕು. ಜಗತ್ತಿಗೇ ಪರಿಚಿತವಾದ ಈ ಊರು ಆಡಳಿತದ ಲೆಕ್ಕದಲ್ಲಿ ಉಡುಪಿ ನಗರಸಭೆಯ ಒಂದು ಭಾಗ, ಕಂದಾಯ ದಾಖಲೆಯಲ್ಲಿ ಹುಡುಕಿದರೆ ಎದುರಾಗುವ ಹೆಸರು ಶಿವಳ್ಳಿ. ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದ ಬಂದ ಮಣಿಪಾಲ ಜನರ ಮಾತಿನಲ್ಲಿದೆ, ಅಂಚೆಯಲ್ಲಿದೆ, ಬಸ್ಸಿನ ಬೋರ್ಡಿನಲ್ಲಿದೆ. ಜಿಲ್ಲಾಧಿಕಾರಿ ಕಚೇರಿಯಿರುವ ರಜತಾದ್ರಿ ಸಂಕೀರ್ಣವೂ ಅಲ್ಲೇ ಇದೆ. ಗ್ರಾಮಗಳ ಅಧಿಕೃತ ಪಟ್ಟಿಯನ್ನಷ್ಟೇ ತುಂಬಿದ ತಾಣದಲ್ಲಿ ಹುಡುಕಿದವರಿಗೆ ಮಣಿಪಾಲ ಸಿಗದು. ಜನ ಕರೆಯುವ ಹೆಸರು, ದಾಖಲೆಯ ಹೆಸರು ಎರಡಕ್ಕೂ ಜಾಗವಿರಬೇಕು.

ಕಡಲಂಚಿನ ಕಾಪುವಿನಲ್ಲಿ ಗಡಿಯನ್ನು ಸಮುದ್ರವೇ ಬದಲಿಸುತ್ತದೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ ಇದ್ದಲ್ಲೇ ಇದೆ. ಮೂಳೂರು, ಪಡುಬಿದ್ರಿ ಕಡೆಯ ಮರಳತೀರ ಮಳೆಗಾಲದ ಕಡಲ್ಕೊರೆತಕ್ಕೆ ಸಿಕ್ಕು ಸರಿಯುತ್ತದೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದ ಮೇಲೆ ಆ ರೇಖೆಗೆ ಪ್ರವಾಸದ ಬೆಲೆಯೂ ಬಂದಿದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಭರತದ ಗೆರೆಯಿಂದ ದೂರ ಅಳೆಯುವುದರಿಂದ ಮನೆ ಕಟ್ಟುವವರಿಗೂ ಅದು ಮುಖ್ಯ. ತೀರರೇಖೆಯ ಪದರದ ಪಕ್ಕದಲ್ಲಿ ಅಳತೆಯ ದಿನ, ಅಳೆದ ವಿಧಾನ ಬರೆಯದಿದ್ದರೆ ಅದನ್ನು ಯಾರೂ ನಂಬಬಾರದು.

ಹೆಸರು, ಲಿಪಿ, ಒತ್ತಕ್ಷರ

ಒಂದೇ ಊರಿಗೆ ಈ ಜಿಲ್ಲೆಯಲ್ಲಿ ಹಲವು ಹೆಸರು. ಉಡುಪಿ ತುಳುವಿನಲ್ಲಿ ಒಡಿಪು, ಕಾರ್ಕಳ ಕಾರ್ಲ. ಕಾಪುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ರೀತಿ ಬರೆಯುತ್ತಾರೆ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕೆ ಸರಳ ಉಪಾಯ ಮಾಡಿದೆ. ಪ್ರತಿ ಜಾಗಕ್ಕೂ ಭಾಷೆಗೊಂದು ಹೆಸರು ಕೊಡಬಹುದು, ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ ಎಂಬ ಸಂಕೇತ. ಹಳೆಯ ಹೆಸರು, ಪರ್ಯಾಯ ಹೆಸರುಗಳಿಗೂ ಬೇರೆ ಬೇರೆ ಅಂಕಣಗಳಿವೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿ ಸೇರಿತು. ಇನ್ನು ಮುಂದೆ ಆ ಲಿಪಿಯಲ್ಲೂ ಹೆಸರು ಇಡುವ ಬೇಡಿಕೆ ಬಂದರೆ ಡೇಟಾಬೇಸ್, ಫಾಂಟ್, ನಕ್ಷೆ ಬಿಡಿಸುವ ಯಂತ್ರ ಮೂರೂ ಸಿದ್ಧವಿರಬೇಕಾಗುತ್ತದೆ.

ಕನ್ನಡ ಲಿಪಿಯ ತೊಂದರೆಗಳೇ ಇನ್ನೂ ಮುಗಿದಿಲ್ಲ. ಮೊದಲನೆಯದು ಹಳೆಯ ಫಾಂಟ್‌ಗಳದು. ಸರ್ಕಾರಿ ಕಚೇರಿಗಳಲ್ಲಿ ವರ್ಷಗಳ ಕಾಲ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚಾದ ಊರ ಹೆಸರುಗಳಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಬೆರಕೆಯಾಗಿ ಕಾಣುತ್ತವೆ. ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಬಳಿಕ ಒಬ್ಬರು ಕೂತು ಓದಿ ನೋಡದೆ ಬಿಡಬಾರದು.

ಎರಡನೆಯದು ಶೇಪ್‌ಫೈಲ್ ಎಂಬ ಕಡತದ ಸಮಸ್ಯೆ. 1990ರ ದಶಕದ ಈ ನಮೂನೆ ಇಂದಿಗೂ ಕಚೇರಿಗಳಲ್ಲಿ ಓಡಾಡುತ್ತಿದೆ. ಇದರ ಕೋಷ್ಟಕದ ಅಂಕಣದ ಹೆಸರು 10 ಬೈಟ್ ಮೀರುವಂತಿಲ್ಲ, ಒಂದು ಅಂಕಣದ ಪಠ್ಯ 254 ಬೈಟ್ ದಾಟುವಂತಿಲ್ಲ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಯೂ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಹಿಡಿಯುತ್ತದೆ. "ಕಾರ್ಕಳ" ಎಂಬ ಪದಕ್ಕೆ 6 ಚಿಹ್ನೆ, ಅಂದರೆ 18 ಬೈಟ್. "ಬ್ರಹ್ಮಾವರ"ಕ್ಕೆ 27. ಅಂಕಣದ ಹೆಸರನ್ನು ಕನ್ನಡದಲ್ಲಿ ಇಡುವುದಾದರೆ ಮೂರು ಚಿಹ್ನೆಗೇ ಜಾಗ ಮುಗಿಯಿತು. ಯಾವ ಅಕ್ಷರ ಸಂಕೇತವೆಂದು ತಿಳಿಸುವ, ಜೊತೆಗಿರಬೇಕಾದ ಸಣ್ಣ ಕಡತ ಕಳೆದುಹೋದರೆ ಊರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. 2014ರಲ್ಲಿ ಮಾನದಂಡವಾದ ಜಿಯೋಪ್ಯಾಕೇಜ್‌ನಲ್ಲಿ ಈ ಕಷ್ಟವಿಲ್ಲ. ಎಲ್ಲ ಪದರಗಳೂ ಒಂದೇ ಕಡತದಲ್ಲಿ, ಯೂನಿಕೋಡ್‌ನಲ್ಲೇ ಉಳಿಯುತ್ತವೆ. ಜಿಲ್ಲೆಯ ಯಾವ ಕಚೇರಿಯೇ ಆಗಲಿ, ಯಾವ ಕಾಲೇಜೇ ಆಗಲಿ, ಹಳೆಯ ಶೇಪ್‌ಫೈಲ್‌ಗಳನ್ನು ಇದಕ್ಕೆ ಬದಲಿಸಿಕೊಳ್ಳಲು ಖರ್ಚಿಲ್ಲ. ಕ್ಯೂಜಿಐಎಸ್‌ನಲ್ಲಿ ಕೆಲವು ಕ್ಲಿಕ್‌ಗಳ ಕೆಲಸ.

ಮೂರನೆಯದು ಒತ್ತಕ್ಷರದ ಸಂಕಟ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ನಕ್ಷೆಯನ್ನು ಬಿಡಿಸುವ ಮ್ಯಾಪ್ನಿಕ್, ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಮುಕ್ತ ಗ್ರಂಥಾಲಯವನ್ನು ಬಳಸುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಮೊಬೈಲಿನಲ್ಲಿ ನಯವಾಗಿ ಹಿಗ್ಗುವ ಹೊಸ ಬಗೆಯ ವೆಕ್ಟರ್ ನಕ್ಷೆಗಳು ಪ್ರತಿ ಅಕ್ಷರವನ್ನೂ ಮೊದಲೇ ಬಿಡಿ ಚಿತ್ರವಾಗಿ ಕತ್ತರಿಸಿಟ್ಟು, ನಂತರ ಒಂದರ ಪಕ್ಕ ಒಂದು ಇಡುವ ವಿಧಾನವನ್ನು ಹಿಡಿದವು. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಅಕ್ಷರ ಕೆಳಗೂ ಬೆಳೆಯುತ್ತದೆ, ಮೊದಲು ಉಚ್ಚರಿಸುವ ರ-ಕಾರ ಅರ್ಕಾವೊತ್ತಾಗಿ ಆಮೇಲೆ ಬರುತ್ತದೆ. ಆ ವಿಧಾನದಲ್ಲಿ "ಕಾರ್ಕಳ"ದ ಅರ್ಕಾವೊತ್ತು ಒಡೆದು ರ-ಕಾರಕ್ಕೆ ಬಿಡಿ ಹಲಂತ ಅಂಟಿಕೊಂಡು ಪಕ್ಕದಲ್ಲಿ ಒಂಟಿ ಕ-ಕಾರ ನಿಲ್ಲುತ್ತದೆ. "ಬ್ರಹ್ಮಾವರ" ಓದಲಾಗದಷ್ಟು ಚೂರಾಗುತ್ತದೆ. "ಉಡುಪಿ", "ಮಣಿಪಾಲ", "ಕಾಪು" ಎಂಬ ಹೆಸರುಗಳಲ್ಲಿ ಒತ್ತಿಲ್ಲವಾದ್ದರಿಂದ ಪರೀಕ್ಷೆ ಮಾಡಿದವರಿಗೆ ದೋಷ ಕಾಣದೆ ಹೋಗಬಹುದು. ಕನ್ನಡದ ತಾಣವನ್ನು ಪರೀಕ್ಷಿಸುವವರು ಮೊದಲು ಕಾರ್ಕಳವನ್ನು ನೋಡಲಿ.

ಈ ವೆಕ್ಟರ್ ನಕ್ಷೆಗಳ ಕಥೆಯಲ್ಲಿ ಮುಕ್ತ ಪರವಾನಗಿಯ ಬೆಲೆಯೂ ತಿಳಿಯುತ್ತದೆ. ಮ್ಯಾಪ್‌ಬಾಕ್ಸ್ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ತನ್ನ ಜಿಎಲ್ ಗ್ರಂಥಾಲಯದ ಎರಡನೇ ಆವೃತ್ತಿಯನ್ನು ಮುಕ್ತ ಪರವಾನಗಿಯಿಂದ ಹೊರತೆಗೆಯಿತು. ಹಿಂದಿನ ಆವೃತ್ತಿಯ ಕೋಡ್ ಎಲ್ಲರದೂ ಆಗಿದ್ದರಿಂದ ಬಳಕೆದಾರರು ಅಲ್ಲಿಂದಲೇ ಮ್ಯಾಪ್‌ಲಿಬರ್ ಎಂಬ ಕವಲು ತೆಗೆದು ಮುಂದುವರಿಸಿದರು. ಕನ್ನಡ, ತಮಿಳು, ಹಿಂದಿ, ಬಂಗಾಳಿ ಲಿಪಿಗಳು ಸರಿಯಾಗಿ ಕಾಣಲಿ ಎಂದು ಬೇಕಾದವರು ತಾವೇ ಕೋಡ್ ತಿದ್ದಿ ಕಳಿಸುವ ದಾರಿ ಅಲ್ಲಿ ತೆರೆದೇ ಇದೆ.

ಅಕ್ಷಾಂಶ, ರೇಖಾಂಶ ಮತ್ತು ಎರಡು ಕಲ್ಯಾಣಪುರ

ಉಡುಪಿ ಸುಮಾರು 13.34 ಡಿಗ್ರಿ ಉತ್ತರ ಅಕ್ಷಾಂಶ, 74.74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಯಾವ ಅಂಕಿ ಮೊದಲು ಬರೆಯಬೇಕು ಎಂಬಲ್ಲಿ ಮಾನದಂಡಗಳು ಬದಲಾಗಿವೆ. ಡಬ್ಲ್ಯುಎಂಎಸ್‌ನ ಹಳೆಯ ಆವೃತ್ತಿಗಳಲ್ಲಿ ರೇಖಾಂಶ ಮೊದಲು, 1.3.0 ಆವೃತ್ತಿಯಲ್ಲಿ ಡಿಗ್ರಿಗಳ ಈ ಸಾಮಾನ್ಯ ಪದ್ಧತಿಗೆ ಅಕ್ಷಾಂಶ ಮೊದಲು. ಪರಿಷ್ಕರಣೆಯ ದಿನ ಇದನ್ನು ಗಮನಿಸದೆ ಹೋದರೆ ಕೃಷ್ಣಮಠ 74.74 ಡಿಗ್ರಿ ಉತ್ತರಕ್ಕೆ ಹಾರಿ, ನಾರ್ವೆಯಾಚೆಯ ಹಿಮಸಾಗರದಲ್ಲಿ ಬೇರ್ ದ್ವೀಪದ ಪಶ್ಚಿಮಕ್ಕೆ ಬೀಳುತ್ತದೆ.

ಇನ್ನೊಂದು ತೊಡಕು ಹಳೆಯ ಸರ್ವೆ ನಕ್ಷೆಗಳಿಂದ ಬರುತ್ತದೆ. ಅವು 1830ರ ಎವರೆಸ್ಟ್ ಗೋಲಾಭವನ್ನು ಆಧಾರ ಮಾಡಿಕೊಂಡವು, ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಆಧಾರವನ್ನು. ಎರಡನ್ನೂ ಹಾಗೆಯೇ ಒಂದರ ಮೇಲೊಂದು ಇಟ್ಟರೆ ಬಾವಿ ನೂರು ಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಸರಿದು ಪಕ್ಕದವರ ಗದ್ದೆಗೆ ಬೀಳಬಹುದು. ತಂತ್ರಾಂಶಗಳ ಪಟ್ಟಿಯಲ್ಲಿ ಹಳೆಯ ಆಧಾರದ ಹೆಸರು ಕಲ್ಯಾಣಪುರ ಎಂದಿರುತ್ತದೆ. ಇದು ಸ್ವರ್ಣಾ ನದಿಯ ದಡದ ನಮ್ಮ ಸಂತೆಕಟ್ಟೆ ಕಲ್ಯಾಣಪುರ ಅಲ್ಲ, ಮಹಾ ತ್ರಿಕೋನಮಿತಿ ಸರ್ವೆಯ ಮೂಲಬಿಂದುವಿದ್ದ ಮಧ್ಯಪ್ರದೇಶದ ಊರು. ಕಾರ್ಕಳ 75 ಡಿಗ್ರಿ ರೇಖೆಯ ಅಂಚಿನಲ್ಲೇ ಇರುವುದರಿಂದ ತಾಲ್ಲೂಕು 48ಕೆ ಮತ್ತು 48ಒ ಎಂಬ ಎರಡು ಸರ್ವೆ ಹಾಳೆಗಳಿಗೆ ಹರಿದುಹೋಗಿದೆ. ಮಾಳದ ಕಡೆಯ ಕಾಡನ್ನು ಗೊಮ್ಮಟನ ಬೆಟ್ಟದೊಂದಿಗೆ ನೋಡಬೇಕಾದರೆ ಹಾಳೆಗಳನ್ನು ಹೊಂದಿಸಿ ಜೋಡಿಸಬೇಕು.

ಪರಿಷ್ಕರಣೆಯ ಪಂಚಾಂಗ

ಪ್ರತಿ ಭಾಗಕ್ಕೂ ತನ್ನದೇ ಆಯುಸ್ಸಿದೆ. ಪೋಸ್ಟ್‌ಗ್ರೆಸ್‌ನ ಹೊಸ ಮುಖ್ಯ ಆವೃತ್ತಿ ವರ್ಷಕ್ಕೊಮ್ಮೆ ಬರುತ್ತದೆ, ಪ್ರತಿಯೊಂದಕ್ಕೂ 5 ವರ್ಷ ಆಸರೆ. ಜ್ಯಾಂಗೋದ ದೀರ್ಘಾವಧಿ ಆವೃತ್ತಿಗೆ 3 ವರ್ಷ. ಜಿಯೋಸರ್ವರ್‌ನ ಒಂದು ಸರಣಿ 6 ತಿಂಗಳು ಮುಖ್ಯವಾಗಿ, ಮತ್ತೆ 6 ತಿಂಗಳು ನಿರ್ವಹಣೆಯಲ್ಲಿದ್ದು ವರ್ಷಕ್ಕೆ ಮುಗಿಯುತ್ತದೆ. ಉಬುಂಟು ದೀರ್ಘಾವಧಿ ಆವೃತ್ತಿಗೆ 5 ವರ್ಷ. ಒಂದನ್ನು ಏರಿಸಿದರೆ ಇನ್ನೊಂದು ಹೊಂದಬೇಕು. ಪೈಥಾನ್ 2ರ ಆಸರೆ 2020ರ ಜನವರಿ 1ಕ್ಕೆ ನಿಂತಾಗ ಅದನ್ನು ನಂಬಿದ್ದ ಹಳೆಯ ಜಿಯೋನೋಡ್ ತಾಣಗಳು ಜಗತ್ತಿನೆಲ್ಲೆಡೆ ಒಮ್ಮೆಗೇ ಇಕ್ಕಟ್ಟಿಗೆ ಸಿಲುಕಿದವು. ಎರಡು ಮೂರು ಆವೃತ್ತಿ ಹಿಂದೆ ಉಳಿದವರಿಗೆ ಒಂದೇ ನೆಗೆತದಲ್ಲಿ ಮೇಲೆ ಬರಲಾಗದು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಕೆಲಸದ ಕ್ರಮ ಸುಲಭವಾಗಿ ಹೇಳಬಹುದಾದದ್ದು. ಮೊದಲು ಬ್ಯಾಕಪ್. ಡೇಟಾಬೇಸ್ ಮಾತ್ರ ತೆಗೆದಿಟ್ಟರೆ ಸಾಲದು. ಪದರಗಳ ಬಣ್ಣ, ಗೆರೆಯ ದಪ್ಪ, ಪ್ರವೇಶದ ನಿಯಮಗಳನ್ನು ಜಿಯೋಸರ್ವರ್ ತನ್ನದೇ ಕಡತಕೋಶದಲ್ಲಿ ಇಡುತ್ತದೆ, ಜನ ಏರಿಸಿದ ಚಿತ್ರಗಳು ಇನ್ನೊಂದೆಡೆ ಇರುತ್ತವೆ. ಮೂರನ್ನೂ ಒಂದೇ ಹೊತ್ತಿನಲ್ಲಿ ತೆಗೆದು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡಬೇಕು. ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಕಟ್ಟಿ ನೋಡಿದ ದಿನವೇ ಅದು ಬ್ಯಾಕಪ್ ಎನಿಸಿಕೊಳ್ಳುತ್ತದೆ. ಆಮೇಲೆ ಬೇರೊಂದು ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿ, ಹತ್ತಿಪ್ಪತ್ತು ನಿಶ್ಚಿತ ಪ್ರಶ್ನೆಗಳನ್ನು ಕೇಳಬೇಕು: ಕಾರ್ಕಳದ ಹೆಸರು ಸರಿಯಾಗಿ ಕಾಣುತ್ತದೆಯೇ, ಹುಡುಕಿದರೆ ಮಣಿಪಾಲ ಸಿಗುತ್ತದೆಯೇ, ಕಾಪುವಿನ ತೀರ ಕಡಲಲ್ಲಿ ಮುಳುಗಿಲ್ಲವೇ, ಹೊರಗಿನವರಿಗೆ ಕಾಣಬಾರದ ಪದರ ಕಾಣುತ್ತಿಲ್ಲವೇ. ಉತ್ತರ ಸರಿ ಬಂದ ಮೇಲಷ್ಟೇ ಅಸಲಿ ತಾಣವನ್ನು ಮುಟ್ಟಬೇಕು.

ಕರಾವಳಿಯಲ್ಲಿ ಇದಕ್ಕೆ ಕಾಲವೂ ಇದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಬೀಳುವ, ಗಾಳಿಮಳೆಗೆ ಕರೆಂಟ್ ಹೋಗುವ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಕ್ಷೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚು. 2020ರ ಸೆಪ್ಟೆಂಬರ್ 20ರಂದು ನದಿ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳು ಮುಳುಗಿದಾಗ ಯಾವ ದಾರಿ ತೆರೆದಿದೆ, ದೋಣಿ ಎಲ್ಲಿಗೆ ಬೇಕು ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಆ ಅಂಕಿಗಳನ್ನು ಗ್ರಾಮದ ನಕ್ಷೆಯೊಂದಿಗೆ ಕೂಡಿಸಿ ತೋರಿಸುವ ತಾಣ ಅಂಥ ರಾತ್ರಿ ನಿಂತುಹೋಗಬಾರದು. ಆದುದರಿಂದ ದೊಡ್ಡ ಪರಿಷ್ಕರಣೆಗಳನ್ನು ಡಿಸೆಂಬರ್‌ನಿಂದ ಏಪ್ರಿಲ್‌ನೊಳಗೆ ಮುಗಿಸುವುದು ವಿವೇಕ. ಭದ್ರತೆಯ ತೇಪೆಗಳಿಗೆ ಮಾತ್ರ ಕಾಲ ನೋಡುವಂತಿಲ್ಲ.

ಭದ್ರತೆ

2024ರ ಜೂನ್ ಕೊನೆಗೆ ಜಿಯೋಸರ್ವರ್‌ನಲ್ಲಿ ಭಾರೀ ದೋಷವೊಂದು ಬಹಿರಂಗವಾಯಿತು. ಸಿವಿಇ-2024-36401 ಎಂದು ದಾಖಲಾದ ಇದರ ತೀವ್ರತೆಗೆ 10ರಲ್ಲಿ 9.8 ಅಂಕ. ಡಬ್ಲ್ಯುಎಫ್‌ಎಸ್ ಮುಂತಾದ ಕೋರಿಕೆಗಳಲ್ಲಿ ಬರುವ ಗುಣಲಕ್ಷಣದ ಹೆಸರನ್ನು ತಂತ್ರಾಂಶ ಲೆಕ್ಕಹಾಕಬೇಕಾದ ಸೂತ್ರವೆಂದು ಓದುತ್ತಿತ್ತು. ಪಾಸ್‌ವರ್ಡ್ ಇಲ್ಲದವರೂ ಆ ಜಾಗದಲ್ಲಿ ಆಜ್ಞೆ ಬರೆದು ಸರ್ವರನ್ನೇ ವಶಪಡಿಸಿಕೊಳ್ಳಬಹುದಿತ್ತು. 2.23.6, 2.24.4, 2.25.2 ಆವೃತ್ತಿಗಳಲ್ಲಿ ತೇಪೆ ಬಂದಿತು. ಜುಲೈ ತಿಂಗಳಲ್ಲೇ ದಾಳಿಗಳು ಆರಂಭವಾದವು. ಪರಿಷ್ಕರಿಸದ ಸರ್ವರುಗಳಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಕೋಡುಗಳು ನುಸುಳಿದವು, ಅಮೆರಿಕದ ಒಂದು ಫೆಡರಲ್ ಸಂಸ್ಥೆಯೂ ಇದೇ ಬಾಗಿಲಿನಿಂದ ದಾಳಿಗೆ ಒಳಗಾಯಿತು. ತೇಪೆ ಉಚಿತವಾಗಿ ಸಿಗುತ್ತಿತ್ತು. ಹಾಕುವವರು ಇರಲಿಲ್ಲ, ಅಥವಾ ಹಾಕಬೇಕೆಂದು ತಿಳಿಸುವವರು ಇರಲಿಲ್ಲ.

ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಅಪಾಯ ಹೆಚ್ಚು ಎನ್ನಲಾಗದು. ದೋಷವನ್ನು ಹೊರಗಿನವರು ಕಂಡುಹಿಡಿದು ಹೇಳಲು ಸಾಧ್ಯವಾಗುವುದು ಕೋಡ್ ತೆರೆದಿರುವುದರಿಂದಲೇ. ತಾಣ ನಡೆಸುವವರ ಪಾಲಿಗೆ ಉಳಿಯುವುದು ಸಣ್ಣ ಶಿಸ್ತುಗಳು: ಪ್ರಕಟಣೆಗಳ ಪಟ್ಟಿಗೆ ಚಂದಾದಾರರಾಗಿರುವುದು, ಆಡಳಿತ ಪುಟವನ್ನು ಹೊರಜಾಲಕ್ಕೆ ತೆರೆಯದಿರುವುದು, ತಂತ್ರಾಂಶದೊಂದಿಗೇ ಬರುವ ಮೊದಲ ಪಾಸ್‌ವರ್ಡನ್ನು ಅಂದೇ ಬದಲಿಸುವುದು.

ಎಲ್ಲವನ್ನೂ ಹಂಚುವುದೂ ಸರಿಯಲ್ಲ. ಕುಂದಾಪುರದ ಕಡೆಯ ತೀರದಲ್ಲಿ ಮೊಟ್ಟೆಯಿಡುವ ಕಡಲಾಮೆಗಳ ಗೂಡಿನ ನಿಖರ ಜಾಗ, ವ್ಯಕ್ತಿಗಳ ಆಸ್ತಿ ವಿವರ ಇಂಥವಕ್ಕೆ ಬೀಗ ಬೇಕು. ಬೀಗ ಸರಿಯಾಗಿದೆಯೇ ಎಂದು ಪ್ರತಿ ಪರಿಷ್ಕರಣೆಯ ಬಳಿಕ ನೋಡಬೇಕು.

ಕಾನೂನು ಮತ್ತು ಪರವಾನಗಿ

ಕೇಂದ್ರದ ದತ್ತಾಂಶ ಹಂಚಿಕೆ ನೀತಿ 2012ರದು, ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ 2015ರದು. ನಕ್ಷೆ ತಯಾರಿಕೆಗೆ ಇದ್ದ ಪೂರ್ವಾನುಮತಿಯ ಕಟ್ಟುಪಾಡುಗಳನ್ನು 2021ರ ಫೆಬ್ರವರಿ 15ರ ಮಾರ್ಗಸೂಚಿ ಸಡಿಲಿಸಿತು. ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳೇ ಇಟ್ಟುಕೊಳ್ಳಬೇಕು, ದೇಶದೊಳಗಿನ ಸರ್ವರ್‌ನಲ್ಲೇ ಇಡಬೇಕು. ರಾಷ್ಟ್ರೀಯ ಭೂಸ್ಥಾನಿಕ ನೀತಿ 2022ರ ಡಿಸೆಂಬರ್‌ನಲ್ಲಿ ಬಂದಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಒಡಿಬಿಎಲ್ ಪರವಾನಗಿಯಲ್ಲಿದೆ. ಅದನ್ನು ಬೆರೆಸಿ ಮಾಡಿದ ಡೇಟಾಬೇಸನ್ನೂ ಅದೇ ಷರತ್ತಿನಲ್ಲಿ ಹಂಚಬೇಕು, ಮೂಲವನ್ನು ಹೆಸರಿಸಬೇಕು.

ಮುಕ್ತ ಗಡಿನಕ್ಷೆ ಯಾಕೆ ಬೇಕು ಎಂಬುದಕ್ಕೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಚರ್ಚೆಯೇ ಸಾಕ್ಷಿ. ಕೇಂದ್ರದ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ.ಯನ್ನು ಗುರುತಿಸಿತು. ಉಡುಪಿ ಜಿಲ್ಲೆಯ ಘಟ್ಟದಡಿಯ ಗ್ರಾಮಗಳೂ ಅದರಲ್ಲಿದ್ದವು. ಪಟ್ಟಿ ಗ್ರಾಮದ ಹೆಸರಿನಲ್ಲಿತ್ತು. ತನ್ನ ತೋಟ ಒಳಗೋ ಹೊರಗೋ ಎಂದು ರೈತನೊಬ್ಬ ತಾನೇ ನೋಡಿ ತಿಳಿಯಲು ಬೇಕಾದದ್ದು ಗ್ರಾಮದ ಗಡಿಯ ಪದರ ಮತ್ತು ಸರ್ವೆ ನಂಬರಿನ ಪದರ ಒಂದರ ಮೇಲೊಂದು ಕೂತ ನಕ್ಷೆ. ಅದು ಕೈಗೆ ಸಿಗದೆ ಹೋದಲ್ಲಿ ಗಾಳಿಮಾತು ಆ ಜಾಗ ತುಂಬಿತು.

ಹಣ ಮತ್ತು ಜನ

ಪರವಾನಗಿ ಶುಲ್ಕವಿಲ್ಲ ಎಂಬುದನ್ನು ಖರ್ಚೇ ಇಲ್ಲ ಎಂದು ಓದಿದ ಕಡೆಗಳಲ್ಲೆಲ್ಲ ತಾಣಗಳು ಮುಚ್ಚಿವೆ. ಜಿಯೋಸರ್ವರ್‌ನ ಉದಾಹರಣೆ ನೋಡಿ. ಅದು ನಂಬಿದ್ದ ಜಾವಾ ಚೌಕಟ್ಟುಗಳು ಹಳತಾಗಿ, ಒಳಗಿನ ಬಹುಭಾಗವನ್ನು ಹೊಸದಾಗಿ ಬರೆಯಬೇಕಾದಾಗ ಮೂರು ಸಂಸ್ಥೆಗಳು ಸೇರಿ 2024ರಲ್ಲಿ 5,50,000 ಯೂರೋಗಳ ಸಾಮೂಹಿಕ ನಿಧಿ ಸಂಗ್ರಹಕ್ಕೆ ಇಳಿದವು. ಜಗತ್ತಿನ ಎಷ್ಟೋ ಸರ್ಕಾರಗಳು ದಿನವೂ ಬಳಸುವ ತಂತ್ರಾಂಶಕ್ಕೆ ಹೀಗೆ ಕೈಯೊಡ್ಡಬೇಕಾಯಿತು.

ಕಾಲೇಜುಗಳಲ್ಲಿ ಕೊರತೆಯಿರುವುದು ಹಣಕ್ಕಿಂತ ಸಾತತ್ಯಕ್ಕೆ. ಎಂಜಿನಿಯರಿಂಗ್ ಓದು ನಾಲ್ಕು ವರ್ಷ, ಅಂತಿಮ ವರ್ಷದ ಪ್ರಾಜೆಕ್ಟ್ ಕೆಲವೇ ತಿಂಗಳು. ವಿದ್ಯಾರ್ಥಿ ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡ್ ಯಾರಲ್ಲಿದೆ ಎಂಬುದೇ ತಿಳಿಯದ ಸ್ಥಿತಿ ಬರುತ್ತದೆ. ಹೊಸ ತಾಣ ಕಟ್ಟಿದ ಪ್ರಾಜೆಕ್ಟಿಗೆ ಸಿಗುವಷ್ಟೇ ಅಂಕ ಇದ್ದ ತಾಣವನ್ನು ಮುಂದಿನ ಆವೃತ್ತಿಗೆ ಏರಿಸಿದ, ಕೈಪಿಡಿಯನ್ನು ಕನ್ನಡದಲ್ಲಿ ಬರೆದಿಟ್ಟ, ಒಂದು ದೋಷವನ್ನು ತಿದ್ದಿ ಮೂಲ ಯೋಜನೆಗೆ ಕಳಿಸಿದ ಪ್ರಾಜೆಕ್ಟಿಗೂ ಸಿಗಬೇಕು. ಕೆಲಸ ಕಲಿಯುವುದಕ್ಕೂ ಇದೇ ಒಳ್ಳೆಯದು, ಏಕೆಂದರೆ ಮುಂದೆ ಕಂಪನಿಗಳಲ್ಲಿ ಅವರು ಮಾಡಬೇಕಾದದ್ದು ಬೇರೆಯವರು ಬರೆದ ಹಳೆಯ ಕೋಡನ್ನು ಉಳಿಸುವ ಕೆಲಸವನ್ನೇ.

ಕೋಡ್ ಬಾರದವರ ಪಾಲೂ ಚಿಕ್ಕದಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದ ಕನ್ನಡ ಅನುವಾದ ಟ್ರಾನ್ಸ್‌ಲೇಟ್‌ವಿಕಿಯಲ್ಲಿ, ಕ್ಯೂಜಿಐಎಸ್‌ನ ಅನುವಾದ ಟ್ರಾನ್ಸಿಫೆಕ್ಸ್‌ನಲ್ಲಿ ನಡೆಯುತ್ತದೆ. ದಕ್ಷಿಣ ಕನ್ನಡ, ಉಡುಪಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಗುರುತಿಸುತ್ತಾರೆ. ನೀರು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ಬೆಳೆ ಬರುತ್ತದೆ ಎಂಬುದು ಆ ಒಂದೊಂದು ಪದದೊಳಗೆ ಇದೆ. ಹೊರಗಿನಿಂದ ಬಂದ ನಮೂನೆಯಲ್ಲಿ ಇವೆಲ್ಲವೂ ಬರೀ "ಕೃಷಿಭೂಮಿ". ಈ ಅಂಕಣವನ್ನು ಸೇರಿಸಬೇಕೆಂದು ಹೇಳಬಲ್ಲವರು ಹಿರಿಯ ರೈತರೇ.

ಓದುಗರಲ್ಲಿ ಒಂದು ಕೋರಿಕೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆಯಲು ಒಂದು ಇಮೇಲ್ ವಿಳಾಸ ಸಾಕು. ನಿಮ್ಮ ಮನೆಯ ಹತ್ತಿರದ ತೋಡಿನ ಹೆಸರು, ಕಿಂಡಿ ಅಣೆಕಟ್ಟಿನ ಜಾಗ, ಮದಕದ ಹೆಸರು ಅಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕನ್ನಡದಲ್ಲೂ ತುಳುವಿನಲ್ಲೂ ಸೇರಿಸಿ. ಮುಂದಿನ ಮಳೆಗಾಲದ ಬಳಿಕ ಇನ್ನೊಮ್ಮೆ ಹೋಗಿ, ಬದಲಾದದ್ದನ್ನು ತಿದ್ದಿ.